ಕೊಳ್ಳುವವನ ಪಾಲು

ಜಪಮಾಲೆಯಲ್ಲಿ 108 ಮಣಿಗಳು ಏಕಿರುತ್ತವೆ ಎಂದು ಮಕ್ಕಳು ಕೇಳಿದಾಗ ಹಿರಿಯರು ಕೊಡುವ ಉತ್ತರವು ಜೈನ ಮನೆತನಗಳಿಗೆ ಹೊಸದಲ್ಲ. ಪಾಪಕಾರ್ಯವನ್ನು ಸಂಕಲ್ಪಿಸುವುದು, ಅದಕ್ಕೆ ಬೇಕಾದ ಸಾಧನಗಳನ್ನು ಕೂಡಿಸುವುದು, ಅದನ್ನು ತೊಡಗುವುದು ಎಂದು ಸಂರಂಭ, ಸಮಾರಂಭ, ಆರಂಭಗಳು ಮೂರು. ಇವು ಮನ, ವಚನ, ಕಾಯಗಳ ಮೂಲಕ ನಡೆಯುವುದರಿಂದ ಒಂಬತ್ತು. ತಾನೇ ಮಾಡಿದುದು, ಇತರರಿಂದ ಮಾಡಿಸಿದುದು, ಇತರರು ಮಾಡಿದುದನ್ನು ಒಪ್ಪಿದುದು ಎಂಬ ಭೇದದಿಂದ ಇಪ್ಪತ್ತೇಳು. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳಿಂದ ಗುಣಿಸಿದರೆ ನೂರೆಂಟು. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಆಸ್ರವದ ಆಧಾರಗಳನ್ನು ಈ ಕ್ರಮದಲ್ಲಿಯೇ ಎಣಿಸಿದ್ದಾರೆ.

ಈ ಲೆಕ್ಕವನ್ನು ಬಾಯಿಪಾಠವಾಗಿ ಒಪ್ಪಿಸುವುದು ಸುಲಭ. ಅಂಗಡಿಯ ಮುಂದೆ ನಿಂತಾಗ ಅನ್ವಯಿಸುವುದು ಕಠಿನ. ಒಂದು ವಸ್ತುವಿನ ತಯಾರಿಕೆಗಾಗಿ ಎಲ್ಲಿಯೋ ಒಂದು ಕಾಡು ಉರಿದಿರಬಹುದು, ಒಂದು ಹೊಳೆ ಕೆಟ್ಟಿರಬಹುದು, ಹತ್ತು ವರ್ಷದ ಬಾಲಕನೊಬ್ಬನು ಶಾಲೆಯನ್ನು ತೊರೆದು ದುಡಿದಿರಬಹುದು. ಕೊಳ್ಳುವವನು ಅದನ್ನು ಮಾಡಲಿಲ್ಲ, ಮಾಡೆಂದು ಹೇಳಲೂ ಇಲ್ಲ. ಆದರೂ ಬೆಲೆ ತೆತ್ತು ವಸ್ತುವನ್ನು ಮನೆಗೆ ತಂದನು. ಇದು ಕಾರಿತವೇ? ಅನುಮತವೇ? ಅಥವಾ ಇವೆರಡರಲ್ಲಿ ಯಾವುದೂ ಅಲ್ಲವೇ?

ಒಂದು ಮನೆಯ ಖರೀದಿಯಲ್ಲಿ ಈ ಪ್ರಶ್ನೆ ಚಿಕ್ಕದಾಗಿ ತೋರಬಹುದು. ಇಂದು ಲೋಕದ ದೊಡ್ಡ ಖರೀದಿಯನ್ನು ಮಾಡುವವರು ಸರ್ಕಾರಗಳು, ಕಂಪನಿಗಳು, ಆಸ್ಪತ್ರೆಗಳು, ವಿದ್ಯಾಲಯಗಳು ಮತ್ತು ಧರ್ಮಸಂಸ್ಥೆಗಳು. ಭೂಮಿಯನ್ನೂ ದುಡಿಯುವವರನ್ನೂ ಸವೆಸದೆ ತಯಾರಾದ ವಸ್ತುವನ್ನೇ ಆಯ್ದು ಕೊಳ್ಳುವ ಪದ್ಧತಿಗೆ ಈಗ ಸುಸ್ಥಿರ ಖರೀದಿ ಎಂಬ ಹೆಸರು ಬಂದಿದೆ. ವಿಶ್ವಸಂಸ್ಥೆಯು 2015ರಲ್ಲಿ ಅಂಗೀಕರಿಸಿದ ಗುರಿಗಳ ಪೈಕಿ ಹನ್ನೆರಡನೆಯದರಲ್ಲಿ ಇದಕ್ಕೆ ಸ್ಥಾನ ದೊರೆಯಿತು. 2017ರಲ್ಲಿ ಐ.ಎಸ್.ಒ. 20400 ಎಂಬ ಅಂತರರಾಷ್ಟ್ರೀಯ ಮಾರ್ಗದರ್ಶಿಯೂ ಹೊರಬಂದಿತು. ಸಂಸ್ಥೆಗಳು ಈ ಪದ್ಧತಿಯನ್ನು ಏಕೆ ಹಿಡಿಯುತ್ತವೆ? ಭಯದಿಂದಲೋ ಲಾಭದಿಂದಲೋ ಹಿಡಿದ ಸನ್ನಡತೆಗೆ ಧರ್ಮವೆಂಬ ಹೆಸರು ಸಲ್ಲುವುದೇ? ವ್ರತವನ್ನು ಬಲ್ಲ ಮನೆತನಗಳು ವಿಚಾರಿಸತಕ್ಕ ಪ್ರಶ್ನೆಗಳಿವು.

ಅಚೌರ್ಯದ ಐದು ಅತಿಚಾರಗಳು

ಶಾಸ್ತ್ರದಲ್ಲಿ ಇದಕ್ಕೆ ಹತ್ತಿರವಾದ ವಿಚಾರವು ಅಹಿಂಸಾಣುವ್ರತದಲ್ಲಿರುವುದಕ್ಕಿಂತ ಹೆಚ್ಚಾಗಿ ಅಚೌರ್ಯಾಣುವ್ರತದಲ್ಲಿದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಆ ವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಸ್ತೇನಪ್ರಯೋಗ, ತದಾಹೃತಾದಾನ, ವಿರುದ್ಧರಾಜ್ಯಾತಿಕ್ರಮ, ಹೀನಾಧಿಕಮಾನೋನ್ಮಾನ, ಪ್ರತಿರೂಪಕವ್ಯವಹಾರ. ಕಳ್ಳನನ್ನು ಪ್ರೇರಿಸುವುದು, ಕಳ್ಳನು ತಂದುದನ್ನು ಕೊಳ್ಳುವುದು, ರಾಜನಿಯಮವನ್ನು ಮೀರಿ ವ್ಯವಹರಿಸುವುದು, ತೂಕ ಅಳತೆಗಳಲ್ಲಿ ಮೋಸ ಮಾಡುವುದು, ಕೃತಕ ವಸ್ತುವನ್ನು ಅಸಲೆಂದು ನಡೆಸುವುದು ಇವುಗಳ ಅರ್ಥ. ಐದೂ ಸಂತೆಯ ಮಾತುಗಳೇ ಆಗಿವೆ. ಆಚಾರ್ಯರು ಅಚೌರ್ಯವನ್ನು ಕುರಿತು ಹೇಳುವಾಗ ಕನ್ನ ಹಾಕುವವನಿಗಿಂತ ವ್ಯಾಪಾರ ಮಾಡುವ ಗೃಹಸ್ಥನನ್ನೇ ಕಣ್ಣ ಮುಂದೆ ಇಟ್ಟುಕೊಂಡಿದ್ದರೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಎರಡನೆಯ ಅತಿಚಾರವು ವಿಶೇಷವಾಗಿ ವಿಚಾರಾರ್ಹ. ತಾನು ಪ್ರೇರಿಸದಿದ್ದರೂ, ತಾನು ಸಮ್ಮತಿಸದಿದ್ದರೂ, ಕಳ್ಳನು ತಂದ ವಸ್ತುವನ್ನು ತೆಗೆದುಕೊಂಡರೆ ಅದು ತದಾಹೃತಾದಾನವೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಬಿಡಿಸಿ ಹೇಳಿದ್ದಾರೆ. ಮಾಡಿಸಲಿಲ್ಲ, ಒಪ್ಪಲಿಲ್ಲ ಎಂಬ ಎರಡು ನೆಪಗಳನ್ನೂ ಈ ವ್ಯಾಖ್ಯಾನವು ಮುಂಚಿತವಾಗಿಯೇ ಕಳೆದುಬಿಟ್ಟಿದೆ. ಕೊಂಡನೆಂಬುದೇ ಸಾಕು, ವ್ರತಕ್ಕೆ ಕಲೆ ಹತ್ತಿತು. ಅತಿಚಾರವೆಂದರೆ ವ್ರತದ ಭಂಗವಲ್ಲ, ಅದರ ಮಾಲಿನ್ಯ. ತೊಳೆಯಬಹುದಾದುದು, ತೊಳೆಯದೆ ಬಿಟ್ಟರೆ ಉಳಿಯತಕ್ಕದ್ದು.

ಅದತ್ತಾದಾನವೆಂದರೆ ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದು. ದಾಸನ ದುಡಿಮೆಯು ಅವನು ಕೊಟ್ಟುದಲ್ಲ, ಅವನಿಂದ ಕಸಿದುದು. ಬಾಲಕನ ಬಾಲ್ಯವೂ ಹಾಗೆಯೇ. ಅಂತಹ ದುಡಿಮೆಯಿಂದಾದ ವಸ್ತುವು ಎಷ್ಟು ಕೈ ದಾಟಿ ಬಂದರೂ ಅದರ ಮೂಲವು ಅದತ್ತವಾಗಿಯೇ ಉಳಿಯುತ್ತದೆ. ಸ್ತೇನಪ್ರಯೋಗವೂ ಇಂದು ಹೊಸ ವೇಷದಲ್ಲಿದೆ. ನ್ಯಾಯವಾದ ಕೂಲಿಯನ್ನು ಕೊಟ್ಟು ಯಾರೂ ಒದಗಿಸಲಾರದ ದರವನ್ನು ಕೊಳ್ಳುವವನು ಪಟ್ಟು ಹಿಡಿದು ಕೇಳಿದರೆ, ಕೂಲಿಯನ್ನು ಕದಿಯೆಂದು ಬಾಯಿಬಿಟ್ಟು ಹೇಳುವ ಅಗತ್ಯವಿರುವುದಿಲ್ಲ. ಆ ದರವೇ ಹೇಳುತ್ತದೆ.

ತಿಳಿದೂ ಕೊಂಡ ಎಂಟು ವರ್ಷಗಳು

ಈ ವಿಚಾರಕ್ಕೆ ತಕ್ಕ ದೃಷ್ಟಾಂತವೊಂದು ಇಂಗ್ಲೆಂಡಿನ ಇತಿಹಾಸದಲ್ಲಿದೆ. ಅಲ್ಲಿನ ಕ್ವೇಕರ್ ಪಂಥದವರು ಕ್ರೈಸ್ತರಾದರೂ ಅವರ ನಡೆಯಲ್ಲಿ ಜೈನ ವರ್ತಕರಿಗೆ ಪರಿಚಿತವಾದ ಲಕ್ಷಣಗಳು ಹಲವು. ಯುದ್ಧವನ್ನು ಒಪ್ಪದವರು, ಮಾತೇ ಸತ್ಯವಾಗಿರಬೇಕೆಂದು ನ್ಯಾಯಾಲಯದಲ್ಲಿ ಆಣೆ ಇಡಲು ನಿರಾಕರಿಸಿದವರು, ಒಂದೇ ದರ, ಸರಿಯಾದ ತೂಕಕ್ಕೆ ಹೆಸರಾದವರು. ಜಾನ್ ಕ್ಯಾಡ್ಬರಿ 1824ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ತೆರೆದ ಅಂಗಡಿಯು ಬೆಳೆದು ಚಾಕೊಲೇಟಿನ ದೊಡ್ಡ ಕಾರ್ಖಾನೆಯಾಯಿತು. ಕಾರ್ಮಿಕರಿಗೆ ಒಳ್ಳೆಯ ಮನೆ, ಉದ್ಯಾನ, ಪಾಠಶಾಲೆಗಳನ್ನು ಒದಗಿಸಿದ ಸಂಸ್ಥೆಯೆಂದು ಅದಕ್ಕೆ ಕೀರ್ತಿಯಿತ್ತು.

1901ರಲ್ಲಿ ವಿಲಿಯಂ ಕ್ಯಾಡ್ಬರಿಯವರ ಗಮನಕ್ಕೆ ಒಂದು ಸಂಗತಿ ಬಂದಿತು. ಕಾರ್ಖಾನೆಯು ಕೊಳ್ಳುತ್ತಿದ್ದ ಕೋಕೋ ಬೀಜದ ಬಹುದೊಡ್ಡ ಪಾಲು ಪೋರ್ಚುಗೀಸರ ಅಧೀನದಲ್ಲಿದ್ದ ಸಾವೊ ತೊಮೆ ಎಂಬ ಆಫ್ರಿಕದ ದ್ವೀಪದಿಂದ ಬರುತ್ತಿದ್ದಿತು. ಅಲ್ಲಿನ ತೋಟವೊಂದರ ಮಾರಾಟದ ಪತ್ರದಲ್ಲಿ ದುಡಿಯುವ ಆಳುಗಳನ್ನೂ ಆಸ್ತಿಯ ಪಟ್ಟಿಗೆ ಸೇರಿಸಲಾಗಿತ್ತು. ದಾಸ್ಯವನ್ನು ಕಾಗದದ ಮೇಲೆ ರದ್ದುಪಡಿಸಲಾಗಿದ್ದರೂ ಅಂಗೋಲದಿಂದ ಕರಾರಿನ ಹೆಸರಿನಲ್ಲಿ ಒಯ್ಯಲ್ಪಟ್ಟವರಲ್ಲಿ ಮರಳಿ ಬಂದವರು ಇಲ್ಲವೆನ್ನುವಷ್ಟು ವಿರಳ.

ಸಂಸ್ಥೆಯು ಕೈಕಟ್ಟಿ ಕುಳಿತಿರಲಿಲ್ಲ. ವಿಲಿಯಂ ಕ್ಯಾಡ್ಬರಿಯವರು 1903ರಲ್ಲಿ ಲಿಸ್ಬನ್ನಿಗೆ ಹೋಗಿ ಮಾತನಾಡಿದರು. ಜೋಸೆಫ್ ಬರ್ಟ್ ಎಂಬುವರನ್ನು 1905ರಲ್ಲಿ ಸ್ಥಳಕ್ಕೆ ಕಳುಹಿಸಲಾಯಿತು; ಅವರ ವರದಿಯು 1907ರಲ್ಲಿ ಕೈಸೇರಿತು. ತಾಳ್ಮೆಯಿಂದಿರಬೇಕೆಂದು ಬ್ರಿಟಿಷ್ ವಿದೇಶಾಂಗ ಕಚೇರಿಯವರು ಸೂಚಿಸಿದರು. ಕೊಳ್ಳುವುದನ್ನು ನಿಲ್ಲಿಸಿದರೆ ಪೋರ್ಚುಗೀಸರ ಮೇಲೆ ಇರುವ ಅಲ್ಪಸ್ವಲ್ಪ ಪ್ರಭಾವವೂ ಹೋಗುವುದೆಂಬ ವಾದವೂ ಇತ್ತು. ಈ ನಡುವೆ ಖರೀದಿ ನಡೆದೇ ಇತ್ತು. ಹೆನ್ರಿ ನೆವಿನ್ಸನ್ ಎಂಬ ಪತ್ರಕರ್ತರು ಅಂಗೋಲ ಮತ್ತು ಸಾವೊ ತೊಮೆಗಳನ್ನು ಸುತ್ತಿ 1906ರಲ್ಲಿ ಪುಸ್ತಕವನ್ನು ಪ್ರಕಟಿಸಿದ್ದರು. 1908ರ ಸೆಪ್ಟೆಂಬರಿನಲ್ಲಿ ಸ್ಟ್ಯಾಂಡರ್ಡ್ ಎಂಬ ಪತ್ರಿಕೆಯು ಕ್ಯಾಡ್ಬರಿಯವರ ಕಪಟವನ್ನು ಹೀಯಾಳಿಸಿ ಬರೆಯಿತು. 1909ರ ಮಾರ್ಚಿನಲ್ಲಿ ಕ್ಯಾಡ್ಬರಿ, ಫ್ರೈ, ರೌಂಟ್ರೀ ಎಂಬ ಮೂರು ಕ್ವೇಕರ್ ಸಂಸ್ಥೆಗಳು ಆ ದ್ವೀಪದ ಕೋಕೋವನ್ನು ಬಹಿಷ್ಕರಿಸಿದವು. ಅಷ್ಟರಲ್ಲಿ ಗೋಲ್ಡ್ ಕೋಸ್ಟ್, ಅಂದರೆ ಇಂದಿನ ಘಾನಾ, ಬೇರೊಂದು ಮೂಲವಾಗಿ ಒದಗಿತ್ತು.

ಪತ್ರಿಕೆಯ ಮೇಲೆ ಹೂಡಿದ ಮಾನನಷ್ಟದ ಮೊಕದ್ದಮೆಯು 1909ರ ಕೊನೆಯಲ್ಲಿ ವಿಚಾರಣೆಗೆ ಬಂದಿತು. ಆ ಎಂಟು ವರ್ಷಗಳಲ್ಲಿ ಈ ಕೋಕೋವನ್ನು ಬೆಳೆಯುತ್ತ ಎಷ್ಟು ಮಂದಿ ಸತ್ತರೆಂಬ ಅಂದಾಜನ್ನು ಮಾಡಿದ್ದುಂಟೇ ಎಂದು ಪ್ರತಿವಾದಿಗಳ ವಕೀಲರಾದ ಎಡ್ವರ್ಡ್ ಕಾರ್ಸನ್ ಅವರು ವಿಲಿಯಂ ಕ್ಯಾಡ್ಬರಿಯವರನ್ನು ಪ್ರಶ್ನಿಸಿದರು. ಇಲ್ಲವೆಂಬುದೇ ಉತ್ತರವಾಗಿತ್ತು. ಪಂಚರು ತೀರ್ಪನ್ನು ಕ್ಯಾಡ್ಬರಿಯವರ ಪರವಾಗಿಯೇ ಕೊಟ್ಟರು. ಆದರೆ ಕೊಡಿಸಿದ ಪರಿಹಾರ ಒಂದು ಫಾರ್ದಿಂಗ್, ಎಂದರೆ ಪೆನ್ನಿಯ ನಾಲ್ಕನೆಯ ಒಂದು ಭಾಗ.

ಈ ತೀರ್ಪನ್ನು ಎರಡು ನಯಗಳಿಂದ ನೋಡಬಹುದು. ಭಾವವನ್ನು ನೋಡಿದರೆ ಅವರು ಕಪಟಿಗಳಾಗಿರಲಿಲ್ಲ. ತೀರ್ಪು ಅವರ ಪರವಾಯಿತು. ಕಾರ್ಯವನ್ನು ನೋಡಿದರೆ ತಿಳಿದ ಮೇಲೆಯೂ ಎಂಟು ವರ್ಷ ಕೊಂಡರು. ಪರಿಹಾರವು ಒಂದು ಫಾರ್ದಿಂಗ್ ಆಯಿತು. ಶ್ರದ್ಧೆಯುಳ್ಳವರಿಗೂ ಇಷ್ಟು ಕಾಲ ಏಕೆ ಬೇಕಾಯಿತು? ಸಂಸ್ಥೆಯಲ್ಲಿ ಕರುಣೆಯುಳ್ಳ ಜನರಿದ್ದರು, ಆದರೆ ಇಂತಹುದನ್ನು ಕೊಳ್ಳಕೂಡದೆಂದು ಮೊದಲೇ ಹಿಡಿದ ನಿಯಮವಿರಲಿಲ್ಲ. ನಿಯಮವಿಲ್ಲದಿದ್ದಲ್ಲಿ ಪ್ರತಿ ವರ್ಷವೂ ಹೊಸದಾಗಿ ಯೋಚಿಸಬೇಕಾಗುತ್ತದೆ. ಯೋಚನೆಯು ನಡೆಯುತ್ತಿರುವಷ್ಟು ಕಾಲ ವಸ್ತುವೂ ಬರುತ್ತಿರುತ್ತದೆ.

ಭಯ, ಲಜ್ಜೆ, ಲಾಭ

ಇಂದಿನ ಸಂಸ್ಥೆಗಳನ್ನು ಸುಸ್ಥಿರ ಖರೀದಿಯತ್ತ ತಳ್ಳುವ ಕಾರಣಗಳಲ್ಲಿ ಮೊದಲನೆಯದು ರಾಜಾಜ್ಞೆ. 1993ರಲ್ಲಿ ಅಮೆರಿಕದ ಅಧ್ಯಕ್ಷ ಕ್ಲಿಂಟನ್ ಅವರು ಹೊರಡಿಸಿದ ಆಜ್ಞೆಯಂತೆ, ಕೇಂದ್ರ ಸರ್ಕಾರದ ಕಚೇರಿಗಳು ಕೊಳ್ಳುವ ಬರವಣಿಗೆಯ ಕಾಗದದಲ್ಲಿ ನೂರಕ್ಕೆ 20ರಷ್ಟು ಅಂಶವು ಒಮ್ಮೆ ಬಳಸಿದ ಕಾಗದದಿಂದ ಬಂದುದಾಗಿರಬೇಕಾಯಿತು. 1998ರ ವೇಳೆಗೆ ಅದು 30ಕ್ಕೆ ಏರಬೇಕೆಂದಿತ್ತು. ಭಾರತದಲ್ಲಿ ಸೆಬಿಯು 2021ರಲ್ಲಿ ಹೊರಡಿಸಿದ ಸುತ್ತೋಲೆಯು, ಷೇರುಪೇಟೆಯ ಮೊದಲ 1000 ಕಂಪನಿಗಳು ತಮ್ಮ ಕಚ್ಚಾಸಾಮಗ್ರಿಯಲ್ಲಿ ಎಷ್ಟು ಪಾಲನ್ನು ಸುಸ್ಥಿರ ಮೂಲದಿಂದ ಪಡೆಯುತ್ತವೆ ಎಂಬುದನ್ನು ಬರೆದು ಪ್ರಕಟಿಸುವಂತೆ ಮಾಡಿತು. 2022-23ನೆಯ ಸಾಲಿನಿಂದ ಅದು ಕಡ್ಡಾಯವಾಯಿತು. ಇಂತಿಷ್ಟೇ ಕೊಳ್ಳಬೇಕೆಂದು ಆ ಸುತ್ತೋಲೆಯು ವಿಧಿಸುವುದಿಲ್ಲ, ಕೇಳುತ್ತದೆ ಅಷ್ಟೇ. ಆದರೂ ಉತ್ತರ ಬರೆಯಬೇಕಾದವನು ಮೊದಲು ತನ್ನ ಉಗ್ರಾಣವನ್ನು ನೋಡಬೇಕಾಗುತ್ತದೆ. ಆಲೋಚನೆಯ ಪಾಠವನ್ನು ಓದುವವನು ದಿನದ ದೋಷಗಳನ್ನು ನೆನೆಯಬೇಕಾಗುವಂತೆಯೇ ಇದು.

ಎರಡನೆಯದು ಲೋಕಲಜ್ಜೆ. ಅಮೆರಿಕದ ಹೋಮ್ ಡಿಪೊ ಎಂಬ ಮರಮುಟ್ಟಿನ ದೊಡ್ಡ ಅಂಗಡಿಗಳ ಮುಂದೆ ಅರಣ್ಯಪ್ರೇಮಿಗಳು ವರ್ಷಗಟ್ಟಲೆ ಪ್ರತಿಭಟಿಸಿದರು. 1999ರಲ್ಲಿ ಆ ಕಂಪನಿಯು, ಅಳಿವಿನ ಅಂಚಿನ ಅರಣ್ಯಗಳ ಮರವನ್ನು 2002ರೊಳಗೆ ಮಾರಾಟದಿಂದ ತೆಗೆಯುವುದಾಗಿ ಸಾರಿತು. ಲಜ್ಜೆಯು ಹೀನ ಪ್ರೇರಣೆಯಲ್ಲ. ಶ್ರಾವಕನ ಗುಣಗಳಲ್ಲಿ ಅದಕ್ಕೂ ಸ್ಥಾನವಿದೆ. ಆದರೆ ಅದು ಕಾಣುವ ಕಣ್ಣುಗಳನ್ನು ಅವಲಂಬಿಸಿದೆ. ಅಂಗಡಿಯ ಬಾಗಿಲಲ್ಲಿ ಜನ ನಿಲ್ಲುವ ವಸ್ತುವಿನ ವಿಷಯದಲ್ಲಿ ಅದು ಕೆಲಸ ಮಾಡುತ್ತದೆ. ಹೆಸರೇ ಕಾಣದ ಒಳಸಾಮಗ್ರಿಯ ವಿಷಯದಲ್ಲಿ ನಿದ್ರಿಸುತ್ತದೆ.

ಮೂರನೆಯದು ಲಾಭ. ಭಾರತ ಸರ್ಕಾರದ ಸಂಸ್ಥೆಯೊಂದು ಎಲ್‌ಇಡಿ ಬಲ್ಬುಗಳನ್ನು ಕೋಟಿಗಟ್ಟಲೆ ಒಟ್ಟಾಗಿ ಕೊಳ್ಳತೊಡಗಿದಾಗ, 2014ರಲ್ಲಿ ಒಂದಕ್ಕೆ 310 ರೂಪಾಯಿ ಇದ್ದ ಖರೀದಿ ದರವು 2016ರ ವೇಳೆಗೆ 38 ರೂಪಾಯಿಗೆ ಇಳಿಯಿತು. ಮನೆಗಳಲ್ಲಿ ವಿದ್ಯುತ್ತು ಉಳಿಯಿತು, ಸುಡುವ ಕಲ್ಲಿದ್ದಲೂ ಅಷ್ಟರಮಟ್ಟಿಗೆ ಉಳಿಯಿತು. ಒಳ್ಳೆಯ ವಸ್ತುವೆಂದರೆ ದುಬಾರಿಯೆಂಬ ಮಾತಿಗೆ ಇದು ಉತ್ತರ. ಕೊಳ್ಳುವವರು ಒಟ್ಟುಗೂಡಿದರೆ ಬೆಲೆಯೇ ಬದಲಾಗುತ್ತದೆ.

ಆದರೆ ಲಾಭದ ಪ್ರೇರಣೆಗೆ ಒಂದು ಮೇರೆಯಿದೆ. ಕೆನಡದ ನ್ಯೂಫೌಂಡ್‌ಲ್ಯಾಂಡಿನ ಕರಾವಳಿಯಲ್ಲಿ ಕಾಡ್ ಮೀನಿನ ಸಂತತಿಯು ನಶಿಸುವಷ್ಟು ಕುಸಿದು, 1992ರಲ್ಲಿ ಸರ್ಕಾರವು ಮೀನುಗಾರಿಕೆಯನ್ನೇ ನಿಲ್ಲಿಸಿತು. ಮುಂದೆ ಸರಕು ಸಿಗದೆಂಬ ಅಂಜಿಕೆಯಿಂದ, ಮೀನಿನ ದೊಡ್ಡ ಖರೀದಿದಾರನಾಗಿದ್ದ ಯೂನಿಲಿವರ್ ಕಂಪನಿಯು ಪ್ರಕೃತಿ ಸಂರಕ್ಷಣೆಯ ಸಂಸ್ಥೆಯೊಂದರೊಡನೆ ಸೇರಿ ಸುಸ್ಥಿರ ಮೀನುಗಾರಿಕೆಗೆ ಪ್ರಮಾಣಪತ್ರ ಕೊಡುವ ಮಂಡಲಿಯನ್ನು 1996-97ರಲ್ಲಿ ಆರಂಭಿಸಿತು. ಮೀನಿನ ವ್ಯಾಪಾರವೇ ಶ್ರಾವಕನಿಗೆ ತ್ಯಾಜ್ಯವಾದುದು. ಇಲ್ಲಿ ಅದನ್ನು ಹೇಳಿದ್ದು ಪ್ರೇರಣೆಯ ಸ್ವರೂಪವನ್ನು ತಿಳಿಯಲೆಂದು ಮಾತ್ರ. ನಾಳೆಯೂ ಹಿಡಿಯಲು ಸಿಗಲಿ ಎಂದು ಇಂದು ಸ್ವಲ್ಪ ಬಿಡುವುದು ಸುಸ್ಥಿರತೆಯಾಗಬಹುದು, ಅಹಿಂಸೆಯಾಗದು. ಜೀವಿಯು ತನ್ನ ಸಲುವಾಗಿ ಬದುಕಬೇಕೆಂಬ ಭಾವನೆಗೆ ಆ ಲೆಕ್ಕದ ಪುಸ್ತಕದಲ್ಲಿ ಅಂಕಣವಿಲ್ಲ. ಸುಸ್ಥಿರವೆಂಬ ಮುದ್ರೆಯನ್ನು ಕಂಡ ಮಾತ್ರಕ್ಕೆ ನಿರ್ದೋಷವೆಂದು ಜೈನ ಮನೆಗಳು ತಿಳಿಯಬಾರದು.

ಮಾತು ಕೊಡುವುದಕ್ಕೂ ವ್ರತ ಹಿಡಿಯುವುದಕ್ಕೂ ಇರುವ ಅಂತರ

ಹಾಗಾದರೆ ಇಂತಹ ಪ್ರೇರಣೆಗಳಿಂದ ಆದ ಸನ್ನಡತೆಗೆ ಬೆಲೆಯಿಲ್ಲವೇ? ಇದೆ. ನರಳುತ್ತಿದ್ದ ಜೀವಿಯ ಕಡೆಯಿಂದ ನೋಡಿದರೆ ಪ್ರೇರಣೆಯು ಯಾವುದಾದರೂ ಅದರ ದುಃಖವು ಕಡಿಮೆಯಾಯಿತು. ಮಾಡಿದವನ ಕಡೆಯಿಂದ ನೋಡಿದರೆ ಮಾತ್ರ ಭೇದವುಂಟು. ತನಗೆ ಎಟುಕುವ ವಿಷಯವನ್ನು ಸಂಕಲ್ಪಪೂರ್ವಕವಾಗಿ ಬಿಡುವುದೇ ವ್ರತವೆಂಬ ಅಭಿಪ್ರಾಯವನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಕೊಟ್ಟಿದ್ದಾರೆ. ಅನ್ನ ಸಿಗದೆ ಹಸಿದವನು ಉಪವಾಸಿಯಲ್ಲ. ಬೆಲೆ ಕಡಿಮೆಯಾದುದರಿಂದ ಒಳ್ಳೆಯದನ್ನು ಕೊಂಡ ಸಂಸ್ಥೆಯೂ ವ್ರತಿಯಲ್ಲ. ಬೆಲೆ ತಿರುಗಿದ ದಿನ ಅದೂ ತಿರುಗುತ್ತದೆ.

ಇದಕ್ಕೆ ಕೋಕೋ ಬೀಜದ ಮುಂದಿನ ಕಥೆಯೇ ಸಾಕ್ಷಿ. 2001ರಲ್ಲಿ ಚಾಕೊಲೇಟಿನ ದೊಡ್ಡ ಕಂಪನಿಗಳು ಅಮೆರಿಕದ ಇಬ್ಬರು ಶಾಸಕರಾದ ಹಾರ್ಕಿನ್ ಮತ್ತು ಎಂಗಲ್ ಅವರ ಹೆಸರಿನ ಒಡಂಬಡಿಕೆಗೆ ಸಹಿ ಹಾಕಿದವು. ಪಶ್ಚಿಮ ಆಫ್ರಿಕದ ಕೋಕೋ ತೋಟಗಳಲ್ಲಿ ಬಾಲಕಾರ್ಮಿಕತೆಯ ಘೋರ ರೂಪಗಳನ್ನು ಹೋಗಲಾಡಿಸುವ ಕಾರ್ಯಕ್ಕೆ 2005ರ ಗಡುವು ಇತ್ತು. ಗಡುವು ಮುಂದಕ್ಕೆ ಹೋಯಿತು, ಮತ್ತೆ ಮುಂದಕ್ಕೆ ಹೋಯಿತು. 2020ರಲ್ಲಿ ಪ್ರಕಟವಾದ ಷಿಕಾಗೊ ವಿಶ್ವವಿದ್ಯಾಲಯದ ಸಂಶೋಧನ ಸಂಸ್ಥೆಯ ಅಧ್ಯಯನವು ಐವರಿ ಕೋಸ್ಟ್ ಮತ್ತು ಘಾನಾಗಳ ಕೋಕೋ ಕೃಷಿಯಲ್ಲಿ ದುಡಿಯುವ ಬಾಲಕಾರ್ಮಿಕರು ಸುಮಾರು 15.6 ಲಕ್ಷವೆಂದು ಅಂದಾಜು ಮಾಡಿತು. ದಾಸ್ಯದ ಕೋಕೋವನ್ನು ಬಿಟ್ಟು ಹಿಡಿದ ನಾಡುಗಳಲ್ಲಿ ಘಾನಾವೂ ಒಂದು ಎಂಬುದನ್ನು ಇಲ್ಲಿ ನೆನೆಯಬೇಕು. ಒಮ್ಮೆ ಮೂಲವನ್ನು ಬದಲಿಸಿದರೆ ಕರ್ತವ್ಯವು ಮುಗಿಯುವುದಿಲ್ಲ. ಆ ಒಡಂಬಡಿಕೆಯು ಸ್ವಯಂಪ್ರೇರಿತವಾದುದು; ತಪ್ಪಿದರೆ ಪ್ರಾಯಶ್ಚಿತ್ತವೇನೆಂದು ಅದರಲ್ಲಿರಲಿಲ್ಲ.

ಬಾಂಗ್ಲಾದೇಶದಲ್ಲಿ ಬೇರೊಂದು ಬಗೆಯು ಕಂಡುಬಂದಿತು. 2013ರ ಏಪ್ರಿಲ್ 24ರಂದು ಢಾಕಾದ ಸಮೀಪದ ಸಾವರ್‌ನಲ್ಲಿ ರಾಣಾ ಪ್ಲಾಜಾ ಎಂಬ ಎಂಟು ಅಂತಸ್ತಿನ ಕಟ್ಟಡವು ಕುಸಿದು 1,134 ಮಂದಿ ಮೃತರಾದರು. ಹಿಂದಿನ ದಿನವೇ ಗೋಡೆಗಳಲ್ಲಿ ಬಿರುಕುಗಳು ಕಂಡಿದ್ದವು. ಕೆಳಗಿದ್ದ ಬ್ಯಾಂಕಿನವರು ತಮ್ಮ ನೌಕರರನ್ನು ದೂರವಿರಿಸಿದರು. ಮೇಲಿನ ಸಿದ್ಧ ಉಡುಪಿನ ಕಾರ್ಖಾನೆಗಳವರು ಮರುದಿನ ಕೆಲಸಕ್ಕೆ ಕರೆದರು. ಕೊಳ್ಳುವ ಕಂಪನಿಗಳ ಪರವಾಗಿ ಪರೀಕ್ಷಕರು ಮೊದಲೇ ಅಲ್ಲಿನ ಕೆಲವು ಕಾರ್ಖಾನೆಗಳನ್ನು ನೋಡಿ ಹೋಗಿದ್ದರು. ಕಟ್ಟಡದ ಗಟ್ಟಿತನವು ಅವರ ಪರೀಕ್ಷೆಯ ವಿಷಯವಾಗಿರಲಿಲ್ಲ.

ದುರಂತದ ಮುಂದಿನ ತಿಂಗಳಲ್ಲಿಯೇ ಕೊಳ್ಳುವ ಕಂಪನಿಗಳಿಗೂ ಕಾರ್ಮಿಕ ಸಂಘಗಳಿಗೂ ನಡುವೆ ಒಂದು ಕರಾರಾಯಿತು. ಕ್ರಮೇಣ 200ಕ್ಕೂ ಹೆಚ್ಚು ಕಂಪನಿಗಳು ಸೇರಿದವು. ಕಾರ್ಖಾನೆಗಳನ್ನು ಸ್ವತಂತ್ರ ಎಂಜಿನಿಯರರು ಪರೀಕ್ಷಿಸತಕ್ಕದ್ದು, ದೋಷಗಳನ್ನು ಪ್ರಕಟಿಸತಕ್ಕದ್ದು, ದುರಸ್ತಿಗೆ ಹಣ ಒದಗುವಂತೆ ಕೊಳ್ಳುವವರು ನೋಡಿಕೊಳ್ಳತಕ್ಕದ್ದು. ಮಾತು ತಪ್ಪಿದ ಕಂಪನಿಯನ್ನು ಪಂಚಾಯಿತಿಗೆ ಎಳೆಯಬಹುದು. 2018ರಲ್ಲಿ ಹಾಗೆ ಎಳೆಯಲ್ಪಟ್ಟ ಒಂದು ಕಂಪನಿಯು 23 ಲಕ್ಷ ಡಾಲರುಗಳನ್ನು ಕೊಡಲು ಒಪ್ಪಬೇಕಾಯಿತು. ವ್ರತವನ್ನು ಬಲ್ಲವರಿಗೆ ಇದರ ಅಂಗಗಳು ಪರಿಚಿತ. ಪ್ರತಿಜ್ಞೆಯು ಇತರರ ಎದುರಿನಲ್ಲಿ ಆಯಿತು, ಮೇರೆಯು ಸ್ಪಷ್ಟವಾಗಿತ್ತು, ದೋಷವನ್ನು ಹೇಳಿಕೊಳ್ಳಬೇಕಾಗಿತ್ತು, ತಪ್ಪಿಗೆ ದಂಡವಿತ್ತು. ಆ ಕಂಪನಿಗಳಿಗೆ ಸೇರಲು ಪ್ರೇರಣೆಯು ಭಯವಾಗಿದ್ದಿರಬಹುದು, ಲಜ್ಜೆಯಾಗಿದ್ದಿರಬಹುದು. ಒಮ್ಮೆ ಕಟ್ಟಿಕೊಂಡ ಮೇಲೆ ಕಾಯ್ದುದು ಆ ಕಟ್ಟು. ಸಂಸ್ಥೆಗೆ ಮನಸ್ಸಿಲ್ಲ. ಅದರ ಭಾವವೆಂಬುದೇನಾದರೂ ಇದ್ದರೆ ಅದು ಬರೆದಿಟ್ಟ ನಿಯಮದಲ್ಲಿಯೂ ಆ ನಿಯಮವನ್ನು ಮುರಿದಾಗ ತೆರಬೇಕಾದ ಬೆಲೆಯಲ್ಲಿಯೂ ಇದೆ.

ಭಾರವನ್ನು ಹೊರುವವರು ಯಾರು?

ಇಲ್ಲಿ ಇನ್ನೊಂದು ಎಚ್ಚರಿಕೆಯು ಅಗತ್ಯ. ಯುರೋಪಿನ ಒಕ್ಕೂಟವು 2023ರಲ್ಲಿ ಒಂದು ಕಾನೂನನ್ನು ಅಂಗೀಕರಿಸಿತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿ, ಕೋಕೋ, ರಬ್ಬರು, ತಾಳೆ, ಸೋಯಾ, ಮರ, ದನಕರುಗಳ ಉತ್ಪನ್ನಗಳು ಅಲ್ಲಿಗೆ ಪ್ರವೇಶಿಸಕೂಡದೆಂಬುದು ಅದರ ಸಾರ. ಜಾರಿಯ ದಿನವನ್ನು ಒಂದಕ್ಕಿಂತ ಹೆಚ್ಚು ಸಲ ಮುಂದೂಡಲಾಯಿತು. ಭಾರತದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಕರ್ನಾಟಕದ ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲಿ ಬೆಳೆಯುತ್ತದೆ. ಅದರಲ್ಲಿ ದೊಡ್ಡ ಭಾಗವು ಯುರೋಪಿಗೆ ಹೋಗುತ್ತದೆ. ಬೆಳೆಗಾರರಲ್ಲಿ ಬಹುಪಾಲು ಸಣ್ಣ ಹಿಡುವಳಿದಾರರು. ಮರಗಳ ನೆರಳಿನಲ್ಲಿಯೇ ತಲೆಮಾರುಗಳಿಂದ ಬೆಳೆದು ಬಂದವನೂ ಈಗ ತನ್ನ ತೋಟದ ಅಕ್ಷಾಂಶ ರೇಖಾಂಶಗಳನ್ನು ಗುರುತಿಸಿ ಕಾಗದಪತ್ರಗಳನ್ನು ಸಿದ್ಧಪಡಿಸಬೇಕು.

ಕಾನೂನಿನ ಉದ್ದೇಶವು ಉತ್ತಮವಾದುದು. ಆದರೆ ಕೊಳ್ಳುವವನ ಸಂಕಲ್ಪದ ಖರ್ಚು ಮಾರುವವನ ಹೆಗಲಿಗೆ ಬಿದ್ದರೆ ಅದನ್ನು ಏನೆನ್ನಬೇಕು? ಮನೆಯ ಯಜಮಾನನು ಚತುರ್ದಶಿಯ ಉಪವಾಸವನ್ನು ಹಿಡಿದನು. ಒಲೆ ಹಚ್ಚಲಿಲ್ಲವೆಂದು ಮನೆಯ ಆಳೂ ಹಸಿದಿರಬೇಕಾಯಿತು. ಆ ಹಸಿವು ಯಾರ ಲೆಕ್ಕಕ್ಕೆ ಸೇರಬೇಕು? ಅತಿಭಾರಾರೋಪಣ, ಅನ್ನಪಾನನಿರೋಧಗಳು ಅಹಿಂಸಾಣುವ್ರತದ ಅತಿಚಾರಗಳೆಂದು ಶಾಸ್ತ್ರವು ಎಣಿಸಿದೆ. ಹೆಚ್ಚಿನ ಹೊರೆಯನ್ನು ಎತ್ತಿನ ಮೇಲೆ ಹೇರಬಾರದೆಂಬ ವಿಧಿಯು ಸಣ್ಣ ಬೆಳೆಗಾರನಿಗೆ ಅನ್ವಯಿಸದೆ ಹೋಗುವುದಿಲ್ಲ. ಒಳ್ಳೆಯ ವಸ್ತುವನ್ನು ಬಯಸುವವನು ಅದರ ಬೆಲೆಯನ್ನೂ ತೆರಬೇಕು, ಹಣವನ್ನು ಸಕಾಲದಲ್ಲಿಯೂ ಕೊಡಬೇಕು.

ಕೃತಕ ಮುದ್ರೆಗಳ ಹಾವಳಿಯೂ ಕಡಿಮೆಯಿಲ್ಲ. ಹಸುರು, ಸಹಜ, ಪರಿಸರಸ್ನೇಹಿ ಎಂಬ ಮಾತುಗಳನ್ನು ಆಧಾರವಿಲ್ಲದೆ ಪೊಟ್ಟಣದ ಮೇಲೆ ಅಚ್ಚೊತ್ತುವುದನ್ನು ತಡೆಯಲು ಭಾರತದ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2024ರಲ್ಲಿ ಮಾರ್ಗಸೂಚಿಯನ್ನು ಹೊರಡಿಸಬೇಕಾಯಿತು. ಪ್ರತಿರೂಪಕವ್ಯವಹಾರವೆಂಬ ಐದನೆಯ ಅತಿಚಾರಕ್ಕೆ ಇದಕ್ಕಿಂತ ತಕ್ಕ ಉದಾಹರಣೆಯು ದೊರೆಯಲಾರದು.

ಸಮಾಜದ ಸಂಸ್ಥೆಗಳು

ಕಂಪನಿಗಳನ್ನೂ ಸರ್ಕಾರಗಳನ್ನೂ ವಿಚಾರಿಸಿದಷ್ಟು ಸುಲಭವಾಗಿ ಬಸದಿಯ ಸಮಿತಿಯನ್ನೂ ವಿದ್ಯಾರ್ಥಿನಿಲಯದ ಆಡಳಿತ ಮಂಡಳಿಯನ್ನೂ ವಿಚಾರಿಸುವುದಿಲ್ಲ. ಅವೂ ಕೊಳ್ಳುವ ಸಂಸ್ಥೆಗಳೇ. ಪಂಚಕಲ್ಯಾಣದ ಸಂತರ್ಪಣೆಗೆ ಸಾವಿರಾರು ಎಲೆ ಅಥವಾ ತಟ್ಟೆ, ಸನ್ಮಾನಕ್ಕೆ ರೇಷ್ಮೆಯ ಶಾಲು, ಸಿಹಿತಿಂಡಿಯ ಮೇಲೆ ಬೆಳ್ಳಿಯ ವರ್ಖ. ಬೆಳ್ಳಿಯು ನಿರ್ಜೀವ ಲೋಹ, ಕಣ್ಣಿಗೆ ನಿರ್ಮಲ. ಆದರೆ ಅದನ್ನು ದನದ ಕರುಳಿನ ಪದರಗಳ ನಡುವೆ ಇಟ್ಟು ಬಡಿದು ತೆಳುವಾಗಿಸುವ ಪದ್ಧತಿಯು ಬಹುಕಾಲ ನಡೆದುಬಂದಿತ್ತು. ತಯಾರಿಕೆಯಲ್ಲಿ ಪ್ರಾಣಿಜನ್ಯ ವಸ್ತುವನ್ನು ಬಳಸಕೂಡದೆಂಬ ನಿಯಮವನ್ನು ಆಹಾರ ಸುರಕ್ಷತಾ ಪ್ರಾಧಿಕಾರವು 2016ರಲ್ಲಿ ತಂದಿತು. ಕಂದಮೂಲವನ್ನು ತ್ಯಜಿಸಿ, ನೀರನ್ನು ಸೋಸಿ ಕುಡಿಯುವ ಮನೆಯೊಳಗೆ ಎಷ್ಟು ವರ್ಷ ಆ ವರ್ಖವು ಹಬ್ಬದ ತಟ್ಟೆಯ ಮೇಲೆ ಬಂದಿದ್ದಿತು! ವಸ್ತುವನ್ನು ನೋಡಿದರು, ಅದರ ಹಿಂದಣ ಕೈಯನ್ನು ನೋಡಲಿಲ್ಲ.

ಕೊಳ್ಳುವುದು ವಸ್ತುವನ್ನಷ್ಟೇ ಅಲ್ಲ, ಸೇವೆಯನ್ನೂ. ಯಾತ್ರಿನಿವಾಸದ ಮಲಗುಂಡಿಯನ್ನು ತೆಗೆಸಬೇಕು. ಮೂರು ಕೊಟೇಶನ್ ಬರುತ್ತವೆ. ಅತಿ ಕಡಿಮೆಯದನ್ನು ಒಪ್ಪುವುದು ರೂಢಿ. ಆ ದರದಲ್ಲಿ ಯಂತ್ರವು ಬರಲಾರದು, ಮನುಷ್ಯನೇ ಗುಂಡಿಗೆ ಇಳಿಯುತ್ತಾನೆ. 2013ರ ಕಾನೂನು ಅಂತಹ ಅಪಾಯದ ಕೆಲಸವನ್ನು ನಿಷೇಧಿಸಿದೆ. ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2023ರ ಅಕ್ಟೋಬರಿನಲ್ಲಿ ಹೇಳಿತು. ವಿರುದ್ಧರಾಜ್ಯಾತಿಕ್ರಮವೂ ಸ್ತೇನಪ್ರಯೋಗವೂ ಹಿಂಸೆಯೂ ಒಂದೇ ಸಹಿಯಲ್ಲಿ ಅಡಗಿರಬಹುದೆಂಬುದಕ್ಕೆ ಇದು ನಿದರ್ಶನ.

ಸಮಿತಿಯು ನಿರ್ಣಯಿಸಿತೆಂದು ಹೇಳಿದರೆ ಪಾಪವು ಯಾರನ್ನು ಸೇರುತ್ತದೆ? ಸಮಿತಿಗೆ ಆತ್ಮವಿಲ್ಲ, ಬಂಧವಿಲ್ಲ. ಹಿಂಸೆಯನ್ನು ಎಸಗಿದವನು ಒಬ್ಬನೇ ಆದರೂ ಅದರ ಫಲದಲ್ಲಿ ಬಹುಮಂದಿಗೆ ಪಾಲಿರುವ ಸಂದರ್ಭಗಳುಂಟೆಂದು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ತಿಳಿಸಿದ್ದಾರೆ. ಕೊಟೇಶನ್ ತರಿಸಿದ ಗುಮಾಸ್ತ, ಸಹಿ ಹಾಕಿದ ಕಾರ್ಯದರ್ಶಿ, ಖರ್ಚು ಉಳಿಯಿತೆಂದು ಮೆಚ್ಚಿ ಚಪ್ಪಾಳೆ ತಟ್ಟಿದ ಸದಸ್ಯ, ಕಣ್ಣುಮುಚ್ಚಿ ದಾನವಿತ್ತ ಗೃಹಸ್ಥ ಇವರೆಲ್ಲರಿಗೂ ಕೃತ, ಕಾರಿತ, ಅನುಮತಗಳಲ್ಲಿ ಯಾವುದಾದರೊಂದರ ಪಾಲಿದೆ. ಹಂಚಿದುದರಿಂದ ಪಾಪವು ಚೂರಾಗುವುದಿಲ್ಲ. ಪ್ರತಿಯೊಬ್ಬನ ಭಾವಕ್ಕೆ ತಕ್ಕಂತೆ ಪ್ರತಿಯೊಬ್ಬನಿಗೂ ಬಂಧವಾಗುತ್ತದೆ.

ಎಲ್ಲ ವಸ್ತುಗಳ ಮೂಲವನ್ನೂ ಶೋಧಿಸುವುದು ಗೃಹಸ್ಥನಿಗಾಗಲಿ ಸಣ್ಣ ಸಂಸ್ಥೆಗಾಗಲಿ ಸಾಧ್ಯವಾದುದಲ್ಲ. ಅದಕ್ಕಾಗಿಯೇ ಮಹಾವ್ರತವು ಮುನಿಗಳಿಗೆ, ಅಣುವ್ರತವು ಶ್ರಾವಕರಿಗೆ. ಕಾಲದ ಮಿತಿಯುಳ್ಳ ತ್ಯಾಗವು ನಿಯಮ, ಜೀವನಪರ್ಯಂತದ್ದು ಯಮ ಎಂದು ಸಮಂತಭದ್ರರು ಮಾಡಿದ ವಿಭಾಗವು ಇಲ್ಲಿ ದಾರಿ ತೋರಿಸುತ್ತದೆ. ಒಂದು ಮಂಡಳಿಯು ದಶಲಕ್ಷಣ ಪರ್ವದಲ್ಲಿ ಸಭೆ ಸೇರಿ, ಒಂದು ವರ್ಷದ ಮಟ್ಟಿಗೆ, ಒಂದೆರಡು ವಸ್ತುಗಳ ವಿಷಯದಲ್ಲಿ ನಿಯಮವನ್ನು ಬರೆದಿಡಬಹುದು. ಇದು ನಿಜವಾಗಿಯೂ ಬೇಕೇ ಎಂಬುದು ಮೊದಲ ಪ್ರಶ್ನೆ. ಅನರ್ಥದಂಡದ ತ್ಯಾಗವು ಅಲ್ಲಿಂದಲೇ ಆರಂಭವಾಗುತ್ತದೆ. ಇದನ್ನು ಮಾಡಿದವರು ಯಾರು, ಹೇಗೆ ಮಾಡಿದರು ಎಂಬುದು ಎರಡನೆಯದು. ಅವರಿಗೆ ಸಲ್ಲಬೇಕಾದುದು ಸಕಾಲದಲ್ಲಿ ಸಂದಿತೇ ಎಂಬುದು ಮೂರನೆಯದು. ವರ್ಷಾಂತ್ಯದ ಲೆಕ್ಕಪತ್ರದೊಡನೆ ನಿಯಮವು ಎಲ್ಲಿ ತಪ್ಪಿತೆಂಬುದನ್ನೂ ಸಭೆಯಲ್ಲಿ ಓದಬೇಕು.

ಅಂತಹ ಮಂಡಳಿಗೆ ಪರೀಕ್ಷೆಯು ನಿಯಮವನ್ನು ಬರೆದ ದಿನ ಬರುವುದಿಲ್ಲ. ಎರಡು ಕೊಟೇಶನ್‌ಗಳು ಮೇಜಿನ ಮೇಲಿದ್ದು, ನಿಯಮಕ್ಕೆ ಒಪ್ಪುವುದು ಹೆಚ್ಚಿನ ದರದ್ದಾಗಿದ್ದು, ಉತ್ಸವಕ್ಕೆ ಹಣ ಸಾಲದೆ ಇರುವಾಗ ಬರುತ್ತದೆ. ಅಂದು ಉತ್ಸವದ ಆಡಂಬರವನ್ನು ಸ್ವಲ್ಪ ಕಡಿಮೆ ಮಾಡಿ ಹೆಚ್ಚಿನ ದರವನ್ನು ತೆತ್ತು ಕೊಂಡ ಸಂಸ್ಥೆಯನ್ನು ಭಯವಾಗಲಿ ಲಜ್ಜೆಯಾಗಲಿ ಲಾಭವಾಗಲಿ ನಡೆಸಿತೆಂದು ಯಾರೂ ಹೇಳಲಾರರು.